ಅಂಬಾಸಿಡರಿನ ಹಳೇ ಬೇರಿಂಗ್

ಎಪ್ಪತ್ತೊಂಬತ್ತರ ಬೇಸಿಗೆ. ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಪೊಲೀಸ್ ಜಮಾದಾರ ಪಂಚಾಕ್ಷರಪ್ಪನವರ ಮನೆಗೆ ಮೆಕ್ಯಾನಿಕ್ ಹಯಾತ್ ಸಾಬ್ ಬಂದಾಗ, ಪಕ್ಕದ ಮನೆಯ ಕರಿಯಣ್ಣ ಅಲ್ಲೇ ಕೂತಿದ್ದ. ಜಮಾದಾರರು ಪತ್ತೆಗೆ ಹೊರಟರೆ ಅವನೂ ಚಪ್ಪಲಿ ಮೆಟ್ಟುತ್ತಿದ್ದ.

“ಹರಿಹರದ ಬಕ್ಕೇಶಪ್ಪನ ಅಂಬಾಸಿಡರಿಗೆ ಹಿಂದಿನ ಆಕ್ಸಲ್ ಬೇರಿಂಗ್ ಎರಡೂ ಹೊಸಾವು ಹಾಕೀನ್ರಿ. ಬಿಚ್ಚಿದ ಹಳೇವನ್ನ ಗಿರಾಕಿ ಕೈಗೆ ಕೊಡಬೇಕಲ್ಲ, ಅವೇ ಮಾಯ. ಹಳೇದನ್ನೇ ತೊಳೆದು ಗ್ರೀಸು ತುಂಬ್ಯಾನೆ ಅಂತ ಬಕ್ಕೇಶಪ್ಪ ಎಲ್ಲಾ ಕಡೆ ಹೇಳ್ತಾನೆ. ಗ್ಯಾರೇಜಿಗೆ ಒಂದು ಗಾಡೀನೂ ಬರ್ತಿಲ್ರಿ,” ಎಂದ ಹಯಾತ್ ಸಾಬ್.

ಹೋಗಿ ನೋಡಿದರೆ, ಗ್ಯಾರೇಜಿನ ಬೆಂಚಿನ ಮೇಲೆ ಬೇರಿಂಗಿನ ಜೊತೆ ಬಿಚ್ಚಿದ ಆಯಿಲ್ ಸೀಲುಗಳು ಹಾಗೇ ಇದ್ದವು. ಪಕ್ಕದ ಡಬ್ಬಿಯ ತುಂಬ ಹಿತ್ತಾಳೆ ಚೂರುಗಳು.

“ಗುಜರಿಯವನೇ ಒಯ್ದಿರಬೇಕು,” ಎಂದ ಕರಿಯಣ್ಣ.

“ಹಿತ್ತಾಳೆ ಬಿಟ್ಟು ಕಬ್ಬಿಣ ಒಯ್ಯೋ ಗುಜರಿಯವನು ನಿನ್ನಂಥೋನೇ ಇರಬೇಕು,” ಎಂದರು ಜಮಾದಾರರು. “ಹಯಾತ್, ಯಾರಿದ್ರು ಇಲ್ಲಿ?”

“ನಾನು ನಮಾಜಿಗೆ ಹೋಗಿದ್ದೆ, ಬಕ್ಕೇಶಪ್ಪ ಪ್ಯಾಟಿಗೆ. ಅವನ ತಾಯಿ ಬಸವಣ್ಣೆಮ್ಮ ಕೂತಿದ್ರು. ಅವರನ್ನೇನು ಕೇಳೋದು? ಗಾಡೀದು ಆ ಸದ್ದು ಯಾವುದರದ್ದಪ್ಪ ಅಂದಿದ್ರು, ಹಳೇ ಬೇರಿಂಗ್ ತಿರುಗಿಸಿ ತೋರಿಸಿದ್ದೆ.”

ಮರುದಿನ ಮೂವರೂ ಹರಿಹರಕ್ಕೆ, ಬಕ್ಕೇಶಪ್ಪನ ಮನೆಗೆ ಹೋದರು. ಕಾಫಿ ತಂದಿಟ್ಟ ಬಸವಣ್ಣೆಮ್ಮನವರ ಉಗುರಿನ ಸಂದಿಯಲ್ಲಿ ಕಪ್ಪು ಕಂಡಿತು. ಒಲೆಯ ಮಸಿ ಎಂದುಕೊಂಡ ಕರಿಯಣ್ಣ.

“ಗಾಡಿ ತಂದೆಯವರದ್ದೇನು?” ಕೇಳಿದರು ಜಮಾದಾರರು.

“ಹೂಂ. ತೀರಿಕೊಂಡು ವರ್ಷ ಆತು,” ಎಂದ ಬಕ್ಕೇಶಪ್ಪ. “ರಿಪೇರಿ ಮಾಡಿಸು ಅಂದ್ರೆ ಕೇಳ್ತಿರಲಿಲ್ಲ. ಸೇತುವೆ ದಾಟಿದ್ರೆ ಸಾಕು, ಬೇರಿಂಗ್ ಸದ್ದು ಗುಂಯ್ ಅಂತ ಮನೀಗೆ ಕೇಳೋದು. ಅವ್ವ ಕಾಫಿಗೆ ನೀರಿಡೋಳು.”

ಪಂಚಾಕ್ಷರಪ್ಪನವರು ಲೋಟ ಕೆಳಗಿಟ್ಟರು. “ಹಿತ್ತಾಳೆ ಬಿಟ್ಟವರಿಗೆ ರೊಕ್ಕ ಬ್ಯಾಡ. ಸೀಲು ಬಿಟ್ಟು ಬೇರಿಂಗ್ ಅಷ್ಟೇ ಒಯ್ದವರಿಗೆ ಸದ್ದು ಯಾವುದರದ್ದು ಅಂತ ಗೊತ್ತಿತ್ತು. ಅಲ್ಲಿ ಇದ್ದವರು ಒಬ್ಬರೇ. ಉಗುರಿನ ಕಪ್ಪು ಮಸಿ ಆಗಿದ್ರೆ ತೊಳೆದ್ರೆ ಹೋಗೋದು, ಗ್ರೀಸು ಹೋಗಲ್ಲ. ಬಸವಣ್ಣೆಮ್ಮಾರೆ, ಈ ಹಯಾತನ ಮೇಲೆ ಮೋಸದ ಮಾತು ಬಂದೈತೆ. ನಿಮಗೆ ಗೊತ್ತಿಲ್ಲ ಅಂತ ಕಾಣ್ತದೆ.”

ಬಸವಣ್ಣೆಮ್ಮ ಮಗನ ಮುಖ ನೋಡಿದರು. ಒಳಗೆ ಹೋಗಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಎರಡು ಬೇರಿಂಗ್ ತಂದಿಟ್ಟರು.

“ಮೊನ್ನೆ ಗಾಡಿ ಸದ್ದಿಲ್ದೆ ಬಾಗಿಲಿಗೆ ಬಂದ್ರೂ ನಂಗೆ ಗೊತ್ತಾಗಲಿಲ್ಲ. ಇವನ್ನ ಕಿವಿ ಹತ್ರ ಹಿಡಿದು ತಿರುಗಿಸಿದ್ರೆ ಅದೇ ಸದ್ದು ಸಣ್ಣಗೆ ಕೇಳ್ತೈತೆ.”

ಬಕ್ಕೇಶಪ್ಪ ತಲೆ ತಗ್ಗಿಸಿದ. “ತಪ್ಪಾತು ಹಯಾತಣ್ಣ. ಹೇಳಿದ ಕಡೆಯೆಲ್ಲ ನಾನೇ ಹೋಗಿ ಹೇಳಿ ಬರ್ತೀನಿ.”

ಹಯಾತ್ ಸಾಬ್ ಬೇರಿಂಗುಗಳನ್ನು ಮೆಲ್ಲಗೆ ಬಸವಣ್ಣೆಮ್ಮನವರತ್ತ ಸರಿಸಿದ. “ಇಟ್ಕೊಳ್ರಿ ಅಮ್ಮ. ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ರಿ.”

“ಏನಂತ ಕೇಳ್ಲೆಪ್ಪಾ?” ಎಂದರು ಬಸವಣ್ಣೆಮ್ಮ.