ಗೋದಾಮಿನ ಕೆಂಪು ಬೀಗದಕೈ

ರೇವತಿ ಮೇಡಂ ಎರಡನೇ ದೋಸೆ ಹುಯ್ಯುವುದಕ್ಕೂ ರಜಬ್ ಅಲಿ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅವರು ಗೋಣಿಬೀಡಿನಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟವರು. ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಇವತ್ತು ಆ ಮುಖದಲ್ಲಿ ಕಳೆಯೇ ಇರಲಿಲ್ಲ.

ಮೊದಲ ದೋಸೆಯ ಮುಂದೆ ಕೂತಿದ್ದ ದೇವರಾಜ ಆಗತಾನೇ ಜೋರಾಗಿ ಸೀನಿದ್ದ. ಕಾಳುಮೆಣಸಿನ ಪುಡಿಯ ಡಬ್ಬ ತೆರೆದರೆ ಸಾಕು, ಅವನ ಮೂಗಿಗೆ ಹುಚ್ಚು ಹಿಡಿಯುತ್ತಿತ್ತು. ಪಕ್ಕದ ಮನೆಯವನಾದ ಅವನ ಹತ್ತಿರ ಹಳೇ ಜೀಪೊಂದಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಮೇಡಂ ಯಾರದಾದರೂ ಸಿಕ್ಕು ಬಿಡಿಸಲು ಹೊರಟರೆ ಜೀಪು ಓಡಿಸುವವನು ಅವನೇ. ಅವರಿಗಿಂತ ಮೊದಲು ಕಳ್ಳನನ್ನು ಹಿಡಿಯುವುದು ಅವನ ಚಪಲ. ಪಾಪ, ಇದುವರೆಗೆ ಒಮ್ಮೆಯೂ ಸರಿಯಾದವರನ್ನು ಹಿಡಿದಿರಲಿಲ್ಲ.

"ಮೇಡಂ, ನನ್ನ ದಾನಿಶ್‌ನ ಕಳ್ಳ ಅಂತಿದಾರೆ," ಎಂದರು ರಜಬ್ ಅಲಿ.

"ಕೂತ್ಕೊಳ್ಳಿ ರಜಬ್ ಭಾಯ್. ಮೊದಲು ನೀರು ಕುಡೀರಿ, ಆಮೇಲೆ ಹೇಳಿ."

ಜಾವಳಿಯ ಬಸವರಾಜಪ್ಪನವರ ತೋಟದ ಗೋದಾಮಿನಿಂದ ಕಾಳುಮೆಣಸಿನ ಮೂಟೆಗಳು ಕಾಣೆಯಾಗಿದ್ದವು. ಬೀಗ ಒಡೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಬೀಗದಲ್ಲಿ ಕೆಂಪು ಬಣ್ಣದ ಬೀಗದಕೈಯೊಂದು ನೇತಾಡುತ್ತಿತ್ತು. ಕಂಪನಿಯವರು ಬೀಗದ ಜೊತೆ ಕೊಟ್ಟ ಕೈಗಳು ಎರಡೇ. ಒಂದು ಸಾಹುಕಾರರ ಬೀರುವಿನಲ್ಲಿ, ಇನ್ನೊಂದು ತೋಟದ ಲೆಕ್ಕ ಬರೆಯುವ ರೈಟರ್ ಧರ್ಮೇಶನ ಸೊಂಟದ ಸರಪಳಿಯಲ್ಲಿ. ಎರಡೂ ಬಿಳೀ ಬಣ್ಣದವು, ಎರಡೂ ಭದ್ರವಾಗಿದ್ದವು.

"ಕೆಂಪಗಿದೆ ಅಂದ್ರೆ ತಾಮ್ರ, ತಾಮ್ರ ಅಂದ್ರೆ ದಾನಿಶ್ ಅಂತ ರೈಟರು ಹೇಳಿಬಿಟ್ರು. ನಾವು ದಿನಾ ತಾಮ್ರದ ತಂತೀಲಿ ಮೋಟರ್ ಕಟ್ಟೋರಲ್ವಾ? ಹೋದ ವಾರ ಆ ಬೀಗ ಬಿಗಿ ಅಂತ ಎಣ್ಣೆ ಹಾಕಿಕೊಟ್ಟವನೂ ನನ್ನ ಮಗನೇ. ಇವತ್ತು ಕಾಫಿ ಹಣ್ಣು ಸುಲಿಯೋ ಪಲ್ಪರ್ ಮೋಟರ್ ರಿಪೇರಿಗೆ ತರೋಕೆ ಹೋಗಿದ್ದ. ಗಾಡಿಗೆ ಹೇರಿದ್ದನ್ನ ಸಾಹುಕಾರ್ರು ಆಳುಗಳ ಎದುರೇ ಇಳಿಸೋಕೆ ಹೇಳಿದ್ರಂತೆ. ಊಟ ಆದ್ಮೇಲೆ ಪೊಲೀಸಿಗೆ ಹೇಳ್ತಾರಂತೆ. ಒಂದ್ಸಲ ಕಳ್ಳ ಅಂತ ಹೆಸರು ಬಿದ್ರೆ ಯಾವ ಎಸ್ಟೇಟಿನವರು ನಮ್ಮನ್ನ ಗೇಟೊಳಗೆ ಬಿಡ್ತಾರೆ ಮೇಡಂ?"

ಮೇಡಂ ಒಲೆ ಆರಿಸಿದರು. "ದೇವರಾಜ, ಜೀಪು ತೆಗಿ ಮಾರಾಯ. ರಜಬ್ ಭಾಯ್, ನಿಮ್ಮ ಅಂಗಡೀಲಿ ಹಳೇ ಸ್ಪೀಕರಿನ ಆಯಸ್ಕಾಂತ ಇದ್ದರೆ ತಗೊಳ್ಳಿ. ಕಬ್ಬಿಣ ಉಜ್ಜೋ ಅರಾನೂ ಒಂದಿರಲಿ."

ತೋಟದಲ್ಲಿ ಮಳೆಗಾಲಕ್ಕೆ ಮುಂಚಿನ ಔಷಧಿ ಹೊಡೆಯುವ ಗಡಿಬಿಡಿ. ಶೆಡ್ಡಿನ ಡ್ರಮ್ಮಿನಲ್ಲಿ ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಹುಯ್ದು ಕಲಕುತ್ತಿದ್ದರು. ಧರ್ಮೇಶ ಕತ್ತಿಯೊಂದನ್ನು ಅದರಲ್ಲಿ ಅದ್ದಿ ನೋಡಿ, "ಇನ್ನೂ ಸುಣ್ಣ ಬೇಕು" ಎಂದು ಕೂಗಿದ.

"ಕತ್ತಿ ಯಾಕೆ ಅದ್ದೋದು?" ಎಂದು ಮೇಡಂ ಏನೂ ಗೊತ್ತಿಲ್ಲದವರಂತೆ ಕೇಳಿದರು.

"ಕತ್ತಿ ಕೆಂಪಾದ್ರೆ ಸುಣ್ಣ ಸಾಲದು ಅಂತ ಮೇಡಂ. ಹಾಗೇ ಹೊಡೆದ್ರೆ ಎಲೆ ಸುಟ್ಟುಹೋಗುತ್ತೆ," ಎಂದ ಧರ್ಮೇಶ, ಪಾಠ ಒಪ್ಪಿಸುವ ಹುಡುಗನ ಹುರುಪಿನಿಂದ.

ಅಷ್ಟರಲ್ಲಿ ಶೆಡ್ಡಿನ ಮೂಲೆಯಲ್ಲಿದ್ದ ಸುಣ್ಣದ ಮೂಟೆಗಳ ಹತ್ತಿರ ಹೋಗಿದ್ದ ದೇವರಾಜ ಸೀನತೊಡಗಿದ. "ಹಾಳು ಸುಣ್ಣದ ಧೂಳು!" ಎಂದು ಬೈದುಕೊಂಡ. ಮೇಡಂ ಅವನನ್ನೂ ಮೂಟೆಗಳನ್ನೂ ಒಮ್ಮೆ ನೋಡಿ, ವಾಚ್‌ಮನ್‌ನನ್ನು ವಿಚಾರಿಸಿದರು. ನಿನ್ನೆ ಸಂಜೆಯಿಂದ ಗೇಟು ದಾಟಿ ಯಾವ ಗಾಡಿಯೂ ಹೋಗಿರಲಿಲ್ಲ.

ಮೇಡಂ ಎಲ್ಲರನ್ನೂ ಕಾಫಿ ಕಣಕ್ಕೆ ಕರೆಸಿದರು. ದಾನಿಶ್ ಇಳಿಸಿಟ್ಟ ಮೋಟರಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಬಸವರಾಜಪ್ಪ ಮೂರೂ ಬೀಗದಕೈಗಳನ್ನು ಮೇಜಿನ ಮೇಲಿಟ್ಟರು.

"ಸಾಹುಕಾರ್ರೇ, ನಿಮ್ಮ ಗೋದಾಮಿನ ಬೀಗ ಬಿಗಿ ಅಲ್ವಾ?"

"ಎಣ್ಣೆ ಹಾಕಿಸಿದ್ರೂ ಮುಷ್ಟಿ ಬಿಗಿದು ತಿರುಗಿಸಬೇಕು."

"ತಾಮ್ರ ಮೆದು. ಅದರಲ್ಲಿ ಮಾಡಿದ ಕೈ ಇಂಥ ಬೀಗದಲ್ಲಿ ತಿರುಚಿಕೊಳ್ಳುತ್ತೆ. ತಾಮ್ರದ ಗುಣ ಗೊತ್ತಿರೋ ದಾನಿಶ್ ಅದರಲ್ಲಿ ಬೀಗದಕೈ ಮಾಡ್ತಾನಾ? ಇರಲಿ, ಇದನ್ನ ನೋಡಿ." ಅವರು ಆಯಸ್ಕಾಂತವನ್ನು ಕೆಂಪು ಕೈಯ ಹತ್ತಿರ ತಂದರು. ಅದು ಟಪ್ಪೆಂದು ಅಂಟಿಕೊಂಡಿತು.

"ಅರೆ! ತಾಮ್ರ ಅಂಟಲ್ವಲ್ಲ!" ಎಂದ ದಾನಿಶ್, ಮೊದಲ ಬಾರಿ ತಲೆಯೆತ್ತಿ.

ಮೇಡಂ ಅರದಿಂದ ಒಮ್ಮೆ ಉಜ್ಜಿದರು. ಕೆಂಪಿನ ಕೆಳಗೆ ಬಿಳೀ ಕಬ್ಬಿಣ ಹೊಳೆಯಿತು. "ತಾಮ್ರ ಬರೀ ಮೇಲಿನ ಪೊರೆ. ಮೈಲುತುತ್ತದಲ್ಲಿ ತಾಮ್ರ ಕರಗಿರುತ್ತೆ. ಕಬ್ಬಿಣ ಮುಳುಗಿಸಿದ್ರೆ ಒಂದಿಷ್ಟು ಕಬ್ಬಿಣ ನೀರಿಗಿಳಿದು, ಅದರ ಜಾಗಕ್ಕೆ ತಾಮ್ರ ಬಂದು ಕೂರುತ್ತೆ. ನಿಮ್ಮ ಕತ್ತಿ ಕೆಂಪಾಗೋದೂ ಹೀಗೇ."

ಆಮೇಲೆ ಸಾಹುಕಾರರ ಬೀಗದಕೈಗೆ ಆಯಸ್ಕಾಂತ ಹಿಡಿದರು. ಅಂಟಿತು. ಧರ್ಮೇಶನ ಬೀಗದಕೈಗೆ ಹಿಡಿದರು. ಅದು ಮೇಜಿನಿಂದ ಏಳಲೇ ಇಲ್ಲ.

ಅದಕ್ಕೂ ಅರ ತಾಗಿಸಿದಾಗ ಬಿಳೀ ಲೇಪದಡಿಯಲ್ಲಿ ಹಳದಿ ಕಂಡಿತು. "ಹಿತ್ತಾಳೆ. ಪೇಟೆಯಲ್ಲಿ ನಕಲು ಕೈ ಮಾಡೋದು ಇಂಥದ್ದರಲ್ಲೇ. ಕಂಪನಿ ಕೊಟ್ಟ ಎರಡೂ ಕಬ್ಬಿಣದವು. ಒಂದು ಸಾಹುಕಾರರದು, ಇನ್ನೊಂದು ಈ ಕೆಂಪಿನದು. ಹಾಗಾದ್ರೆ ರೈಟರ ಸರಪಳೀಲಿ ನಕಲು ಯಾಕೆ ಬಂತು? ಬೀಗ ಒಡೆಯದೆ ಕಳ್ಳತನವಾದ್ರೆ ಅನುಮಾನ ಬೀಗದಕೈ ಇಟ್ಟುಕೊಂಡವರ ಮೇಲೇ. ಅದಕ್ಕೇ ಧರ್ಮೇಶ್ ಹೊರಗಿನವರದು ಅನ್ನಿಸೋ ಕೆಂಪು ಕೈ ತಯಾರು ಮಾಡಿ ಬೀಗದಲ್ಲೇ ಬಿಟ್ರು. ನಕಲನ್ನೇ ಕೆಂಪು ಮಾಡೋ ಆಸೆಯಿತ್ತೇನೋ. ಆದ್ರೆ ಅದಕ್ಕೆ ತಾಮ್ರ ಹತ್ತಲಿಲ್ಲ. ವಿಧಿಯಿಲ್ಲದೆ ಅಸಲನ್ನೇ ಅದ್ದಿ, ನಕಲನ್ನ ಸರಪಳಿಗೆ ಹಾಕ್ಕೊಂಡ್ರು."

"ಮೂಟೆಗಳೆಲ್ಲಿ ಹಾಗಾದ್ರೆ?" ಎಂದು ಬಸವರಾಜಪ್ಪ ಗುಡುಗಿದರು.

"ಗೇಟು ದಾಟಿಲ್ಲ ಅಂದ್ರೆ ಒಳಗೇ ಇವೆ. ನಮ್ಮ ದೇವರಾಜ ಸೀನೋದು ಕಾಳುಮೆಣಸಿಗೆ ಮಾತ್ರ. ಸುಣ್ಣದ ಮೂಟೆಗಳ ಹಿಂದೆ ನೋಡಿಸಿ."

ದೇವರಾಜ ಇಂಗು ತಿಂದ ಮಂಗನಂತಾದ. ಕಳ್ಳನನ್ನು ಹಿಡಿಯಲು ಇಷ್ಟು ಕಾಲ ತಲೆ ಓಡಿಸಿದ್ದು ದಂಡವಾಗಿ, ಕೊನೆಗೆ ಹಿಡಿದದ್ದು ಅವನ ಮೂಗು! ಆದರೂ ಒಳಗೊಳಗೇ ಅವನಿಗೆ ಖುಷಿಯೋ ಖುಷಿ.

ಆಳುಗಳು ಮೂಟೆ ಹೊತ್ತು ತಂದಾಗ ಧರ್ಮೇಶ ಕುಸಿದು ಕೂತ. "ರೇಟು ಏರ್ತಿತ್ತು, ಆಸೆ ಬಿತ್ತು ಸಾರ್," ಎಂದ. ಬಸವರಾಜಪ್ಪ ಅವನತ್ತ ತಿರುಗಿಯೂ ನೋಡಲಿಲ್ಲ. ಅವರು ನೇರ ರಜಬ್ ಅಲಿಯ ಮುಂದೆ ಹೋಗಿ ನಿಂತರು.

"ತಪ್ಪಾಯ್ತು ರಜಬ್. ಎಲ್ಲರೆದುರು ನಿನ್ನ ಮಗನ ಮಾನ ಕಳೆದೆ."

ಹೇಳಿದವರೇ ಪಂಚೆ ಎತ್ತಿಕಟ್ಟಿ ಪಲ್ಪರ್ ಮೋಟರಿನ ಒಂದು ಬದಿಗೆ ಕೈ ಹಾಕಿದರು. ಆಳುಗಳು ಓಡಿಬಂದರೆ, "ದೂರ ನಿಲ್ಲಿ, ಇಳಿಸಿದ್ದು ನಾನು ಹೇಳಿ, ಏರಿಸೋದೂ ನಾನೇ," ಎಂದು ಗದರಿದರು. "ದಾನಿಶಾ, ಆ ಕಡೆ ಹಿಡಿಯೋ."

ದಾನಿಶ್ ಕಣ್ಣೊರೆಸಿಕೊಂಡು ಬಂದು ಬಾಗಿದ. "ಬೆನ್ನು ಜೋಪಾನ ಸಾರ್, ಎರಕದ ಕಬ್ಬಿಣ, ಭಾರ ಇದೆ," ಎಂದ. ಕಣದ ತುಂಬ ನೆರೆದಿದ್ದವರೆಲ್ಲ ನೋಡುತ್ತಿದ್ದಂತೆ ಇಬ್ಬರೂ ಸೇರಿ ಮೋಟರನ್ನು ಗಾಡಿಗೆ ಏರಿಸಿದರು.