ಮಾಹೀನ್ ತಲೆಗೆ ಬಿದ್ದ ಎಣಿಕೆ

ಕಂಪನಿಯ ಮಾಲೀಕ ಹೊನ್ನಯ್ಯ ಷಟರ್ ಎಳೆದು ಒಳಗಿನಿಂದಲೇ ಬೀಗ ಹಾಕಿದರು.

"ಸತ್ಯ ಆಚೆ ಬರೋಗಂಟ ಯಾರೂ ಆಚೆ ಓಗಂಗಿಲ್ಲ," ಎಂದರು.

ಮದ್ದೂರಿನ ಆ ಪುಟ್ಟ ಕಂಪನಿ ರೈಸ್ ಮಿಲ್ಲುಗಳ ಯಂತ್ರ ನಡೆಸುವ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ತಯಾರಿಸುತ್ತಿತ್ತು. ಅದರ ತಿರುಳಾದ ಕರ್ನಲ್ ಬರೆಯುವವರು ಮೂವರೇ: ರಘುನಂದನ್, ಮಳವಳ್ಳಿಯಿಂದ ಬಸ್ಸಿನಲ್ಲಿ ಬರುವ ಮಾಹೀನ್, ಮತ್ತು ಎಂಥ ತಪ್ಪನ್ನೂ ಬೆನ್ನುಹತ್ತಿ ಹಿಡಿಯುವ ನಯನ. ಯಾವ ಪ್ರೋಗ್ರಾಂ ಎಷ್ಟು ಕೆಲಸ ಮಾಡಿಸಿತೆಂದು ಎಣಿಸುವ ಕೌಂಟರುಗಳು ಪ್ರೊಸೆಸರಿನೊಳಗೇ ಇರುತ್ತವೆ. ಹನ್ನೊಂದು ಸಲ ಅವು ಮಾಹೀನ್ ಹೆಸರಿಗೆ ಎದೆ ಝಲ್ಲೆನ್ನುವಂಥ ದೊಡ್ಡ ಸಂಖ್ಯೆ ತೋರಿಸಿದ್ದವು. ಕಂಪನಿಯ ಯಂತ್ರದಲ್ಲಿ ಅವಳು ಕದ್ದು ಹೊರಗಿನವರ ಕೆಲಸ ಮಾಡುತ್ತಿದ್ದಾಳೆಂದು ದೂರು ಬರೆದುಕೊಟ್ಟವನು ರಘುನಂದನನೇ. ಇವತ್ತು ಅವಳ ಕೆಲಸ ಹೋಗುವುದರಲ್ಲಿತ್ತು.

"ಕೌಂಟರೇ ಸುಳ್ಳು ಹೇಳ್ತಾ ಅದೆ ಅಂತ ಮೊದಲ ದಿನವೇ ಅಂದೆ ಸಾರ್. ಯಾರು ಕೇಳುದ್ರು?" ಎಂದಳು ಮಾಹೀನ್. ಅವತ್ತು ರಂಜಾನ್ ಉಪವಾಸದ ಹದಿನಾರನೇ ರೋಜಾ. ಅವಳ ತುಟಿ ಒಣಗಿತ್ತು.

ನಯನ ದಾಖಲೆಯಿಂದ ತಲೆಯೆತ್ತಿದಳು. "ರಘು, ಈ ಹನ್ನೊಂದೂ ಯಾವಾಗ ಆಗಿರೋದು?"

"ಕರೆಂಟು ವಾಪಸ್ ಬಂದು ಒಂದು ನಿಮಿಷದೊಳಗೆ, ನಯನಕ್ಕ. ಎರಡು ವಾರದಿಂದ."

"ಕರೆಂಟು ಹೋದಾಗ ನಾವೆಲ್ಲ ಎಲ್ಲಿರ್ತೀವಿ?"

"ಟೀ ಅಂಗ್ಡೀಲಿ."

"ಮಾಹೀನ್?"

ರಘುನಂದನ್ ಅವಳ ಒಣಗಿದ ತುಟಿ ನೋಡಿದ. ಉಪವಾಸದವಳು ಟೀ ಅಂಗಡಿಗೆ ಯಾಕೆ ಬಂದಾಳು?

ನಯನ ಅವನನ್ನು ಮಾಹೀನ್ ಕುರ್ಚಿಯಲ್ಲಿ ಕೂರಿಸಿ, ಅವನದೇ ಹೆಸರಿನಲ್ಲಿ ಏನೂ ಮಾಡದ ಒಂದು ಖಾಲಿ ಪ್ರೋಗ್ರಾಂ ಬರೆಸಿದಳು. ಮೈನ್ ಸ್ವಿಚ್ ಆರಿಸಿದಳು. ಕರೆಂಟು ಹೋದಾಗ ಯುಪಿಎಸ್ ಬೇಗ ಬರಿದಾಗಬಾರದೆಂದು ಪ್ರೊಸೆಸರಿನೊಳಗೆ ಕೆಲಸ ಹಂಚಿಕೊಳ್ಳುವ ನಾಲ್ಕು ಕೋರ್‌ಗಳಲ್ಲಿ ಮೂರು ತಾವಾಗಿ ಮಲಗುವಂತೆ ಹೊನ್ನಯ್ಯನವರೇ ಮಾಡಿಸಿದ್ದರು. ಫ್ಯಾನು ನಿಂತು ಸೆಖೆ ಕವಿಯಿತು. ಸ್ವಲ್ಪ ಹೊತ್ತಿಗೆ ಅವಳು ಸ್ವಿಚ್ ಹಾಕಿದಳು, ಮಲಗಿದ್ದ ಕೋರ್‌ಗಳು ಎದ್ದವು.

"ಈಗ ಓಡ್ಸು."

ಖಾಲಿ ಪ್ರೋಗ್ರಾಮಿನ ಎದುರು ಇಪ್ಪತ್ತಂಕಿಯ ಸಂಖ್ಯೆ ಮೂಡಿತು. ಹೆಸರು, ರಘುನಂದನ್.

"ಏನಮ್ಮ ಇದು?" ಹೊನ್ನಯ್ಯ ಕನ್ನಡಕ ಸರಿಮಾಡಿಕೊಂಡರು.

"ಮಲಗಿ ಎದ್ದ ಕೋರ್‌ನ ಕೌಂಟರು ಸೊನ್ನೆಯಿಂದ ಸುರು ಮಾಡ್ತದೆ ಸಾರ್. ನಮ್ಮ ಕರ್ನಲ್ ಮಾತ್ರ ಮಲಗೋಕೆ ಮುಂಚಿನ ಹಳೇ ಸಂಖ್ಯೆನೇ ನೆನಪಿಟ್ಕೊಂಡು, ಹೊಸದ್ರಲ್ಲಿ ಅದನ್ನ ಕಳೀತದೆ. ಸೊನ್ನೆಗಿಂತ ಕೆಳಗೆ ಅದಕ್ಕೆ ಗೊತ್ತಿಲ್ಲ. ಹಳೇ ಬೈಕಿನ ಮೀಟರ್ನ ಸೊನ್ನೆಯಿಂದ ಹಿಂದಕ್ಕೆ ತಿರುಗ್ಸುದ್ರೆ ಎಲ್ಲ ಒಂಬತ್ತು ಬತ್ತವಲ್ಲ, ಹಂಗೆ. ಆಗ ಮೊದಲು ಓಡಿದ ಪ್ರೋಗ್ರಾಂ ತಲೆಗೆ ಅಷ್ಟೂ ಬೀಳ್ತದೆ. ಮುಂಚೆ ಎಲ್ಲರೂ ಟೀಗೆ ಹೋಗ್ತಿದ್ವಿ, ಯಾರ ಪ್ರೋಗ್ರಾಮೂ ಓಡ್ತಿರ್ಲಿಲ್ಲ, ಆ ಸಂಖ್ಯೆ ಸಿಸ್ಟಂನ ಸ್ವಂತ ಲೆಕ್ಕಕ್ಕೇ ಸೇರಿಹೋಗ್ತಿತ್ತು, ಯಾರ ಹೆಸರಿಗೂ ಬೀಳ್ತಿರ್ಲಿಲ್ಲ. ಈ ತಿಂಗಳು ಕುರ್ಚೀಲಿ ಇದ್ದೋಳು ಇವಳೊಬ್ಬಳೇ."

"ಅಂಗಾರೆ ಅಂಗೆ ಕಳೆಯೋ ಸಾಲು ಬರ್ದೋನು ಯಾವನಮ್ಮ?" ಎಂದರು ಹೊನ್ನಯ್ಯ.

ನಯನ ಪರದೆಯನ್ನು ರಘುನಂದನನ ಕಡೆ ತಿರುಗಿಸಿದಳು. ಕರ್ನಲ್‌ನಲ್ಲಿ ಪ್ರತಿ ಸಾಲಿಗೂ ಬರೆದವರ ಹೆಸರಿರುತ್ತದೆ. ಅವನು ಓದಿದ, ಮತ್ತೊಮ್ಮೆ ಓದಿದ. ಷಟರ್ ಮುಚ್ಚಿತ್ತು, ಓಡಿಹೋಗಲು ದಾರಿಯಿರಲಿಲ್ಲ.

"ನಾನೇ ಸಾರ್," ಎಂದ. "ಸಾಲೂ ನಂದು, ದೂರೂ ನಂದು."

ತಿದ್ದಲು ಬೇಕಾಗಿದ್ದುದು ಎರಡೇ ಸಾಲು: ಕೋರ್ ಎದ್ದೊಡನೆ ಹಳೆಯ ಸಂಖ್ಯೆ ಅಳಿಸಿಹಾಕುವುದು. ಅವನೇ ತಿದ್ದಿದ. ಮತ್ತೆ ಸ್ವಿಚ್ ಆರಿಸಿ ಹಾಕಿದಾಗ ಖಾಲಿ ಪ್ರೋಗ್ರಾಮಿನ ಎದುರು ಸಣ್ಣದೊಂದು ಸಂಖ್ಯೆ ನಿಂತಿತು.

ಹೊನ್ನಯ್ಯ ದೂರಿನ ಕಾಗದವನ್ನು ಹರಿದು ಷಟರಿನ ಬೀಗ ತೆಗೆದರು. ತಿದ್ದುಪಡಿಯ ಕೆಳಗೆ ತಪ್ಪು ಯಾರದು, ಅದನ್ನು ಮೊದಲು ತಿಳಿಸಿದವರು ಯಾರು ಎಂದು ಬರೆಯುವುದು ಕರ್ನಲ್ ಬರೆಯುವವರ ರೂಢಿ. ಮೊದಲನೆಯದಕ್ಕೆ ರಘುನಂದನ್ ತನ್ನ ಹೆಸರು ಹಾಕಿದ. ಎರಡನೆಯದಕ್ಕೆ ನಯನಳ ಮುಖ ನೋಡಿದ.

"ನನ್ನ ಯಾಕ್ಲಾ ನೋಡ್ತೀಯ? ಎರಡು ವಾರದಿಂದ ಬಾಯಿ ಬಡ್ಕೊಂಡೋಳು ಯಾರು?"

ಅವನು 'ಮಾಹೀನ್' ಎಂದು ಬರೆದ. ಬೆನ್ನ ಹಿಂದೆ ನಿಂತು ಅವಳು ಓದಿದಳು.

"ನನ್ನೆಸರು ಇವತ್ತು ಸರಿಯಾದ ಜಾಗಕ್ಕೆ ಬಿತ್ತು," ಎಂದು ಚೀಲ ಹೆಗಲಿಗೇರಿಸಿ, ಮಳವಳ್ಳಿ ಬಸ್ಸಿಗೆ ಹೊರಟಳು.