ಒಪ್ಪಿಗೆಗೆ ಕಾದ ಕೊನೆಯ ಪುಟ

"ಮತ್ತೆ ನನ್ನ ಪುಟ ವಾಪಸ್ ಕಳಿಸಿದ್ದೀರಾ?"

"ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು, ಎಂಜಿನಿಯರಮ್ಮ."

ನಮ್ಮ ಪರಿಚಯವಾದದ್ದೇ ಹೀಗೆ, ಜಗಳದಿಂದ. ಆಸ್ಪತ್ರೆಯ ಹಳೆಯ ವೆಬ್‌ಸೈಟನ್ನು ಹೊಸ ಪ್ಲಾಟ್‌ಫಾರ್ಮಿಗೆ ಸಾಗಿಸಲು ಆರು ತಿಂಗಳ ಮಟ್ಟಿಗೆ ಬಂದ ಡೆವಲಪರ್ ನಾನು. ಬರಹ ತಿದ್ದುವ ಸಂಪಾದಕ ಅವನು. ಅವನು ಒಪ್ಪಿಗೆ ಕೊಡದೆ ಒಂದು ಪುಟವೂ ಹೊರಗೆ ಹೋಗುವಂತಿರಲಿಲ್ಲ. ಅವತ್ತೇ ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟೆ.

ಇನ್ನು ಆ ಪ್ಲಾಟ್‌ಫಾರ್ಮು! ಒಂದು ಬಟನ್ನಿನ ಬಣ್ಣ ಬದಲಿಸಲು ಏಳು ಅನುಮತಿ ಬೇಕು. ಏನು ಕೆಟ್ಟರೂ "ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ" ಎನ್ನುತ್ತಿತ್ತು. ಅಡ್ಮಿನ್ ನಾನೇ.

ಸಿಟ್ಟು ನೆತ್ತಿಗೇರಿದಾಗಲೆಲ್ಲ ಎದ್ದು ಹೋಗಿ ಅವನ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಅವನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ನೋಡುತ್ತಿದ್ದ. ತುಟಿಯ ಒಂದು ಬದಿ ಮಾತ್ರ ನಗುತ್ತಿತ್ತು.

"ಇವತ್ತು ಯಾರ ಮೇಲೆ ಕೋಪ? ಅದರ ಮೇಲಾ, ನನ್ನ ಮೇಲಾ?"

"ಇಬ್ರ ಮೇಲೂ."

ಕುರ್ಚಿ ಎಳೆದುಕೊಡುತ್ತಿದ್ದ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಉಳಿದರ್ಧ ಸಿಟ್ಟೇ ಅಲ್ಲ ಎಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಆ ಪ್ಲಾಟ್‌ಫಾರ್ಮ್ ಎಂಬ ಪೀಡೆಯ ಗುಣವೆಲ್ಲ ಗೊತ್ತಾಗಿ, ಅದು ಕೆಡುವುದೇ ನಿಂತುಹೋಗಿತ್ತು. ಅವನ ಮೇಜಿಗೆ ಹೋಗಲು ನೆಪವೇ ಇಲ್ಲ. ಸೈಟ್ ಹೊರಬರುವ ದಿನ ನನ್ನ ಕೆಲಸ ಮುಗಿಯಲಿತ್ತು; ಬೇರೆ ಊರಿನ ಕಂಪನಿಗೆ ಸೋಮವಾರದೊಳಗೆ ಹೂಂ ಎನ್ನಬೇಕಿತ್ತು. ಪ್ಲಾಟ್‌ಫಾರ್ಮ್ ನೋಡಿಕೊಂಡು ಇಲ್ಲೇ ಇರಿ ಎಂದು ಮ್ಯಾನೇಜರ್ ಕೇಳಿದಾಗ, "ಜನ್ಮದಲ್ಲಿ ಬೇಡ" ಎಂದು ನಕ್ಕಿದ್ದೆ. ಅವನೂ ಅದನ್ನು ಕೇಳಿಸಿಕೊಂಡಿದ್ದ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಬಾಯಿ ಬಿಟ್ಟು ಕೇಳೇ," ಎಂದಳು ಅಕ್ಕ ಫೋನಿನಲ್ಲಿ.

"ಅವನೇ ಹೇಳ್ಲಿ."

"ಹಾಗಾದ್ರೆ ಇಬ್ರೂ ಹಲ್ಲು ಉದುರೋವರೆಗೆ ಕಾಯ್ತಾ ಇರಿ."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪ್ರಕಟಿಸುವ ಬಟನ್ ಒತ್ತಿದೆ. ಸೈಟ್ ಅಲ್ಲಾಡಲಿಲ್ಲ. ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ! ಸರ್ವರ್ ನೋಡಿದೆ, ಅನುಮತಿಗಳನ್ನು ನೋಡಿದೆ, ನನ್ನದೇ ಕೋಡನ್ನು ಸಾಲುಸಾಲಾಗಿ ಓದಿದೆ. ಊಟ ಮರೆತೆ. ನಾಲ್ಕು ಗಂಟೆಗೆ, ಮುನ್ನೂರ ಹನ್ನೆರಡು ಪುಟಗಳ ಪಟ್ಟಿಯ ತಳದಲ್ಲಿ ಒಂದು ಪುಟ ಸಿಕ್ಕಿತು. 'ರೋಗಿಗಳ ಭೇಟಿಯ ಸಮಯ.' ಮೂರು ದಿನದಿಂದ ಒಪ್ಪಿಗೆ ಬಾಕಿ. ಅದೊಂದಕ್ಕಾಗಿ ಇಡೀ ಸೈಟ್ ನಿಂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು.

ಅವನ ಮೇಜಿನ ಮುಂದೆ ನಿಂತೆ. ಕನ್ನಡಕ ಈ ಸಲ ಜಾರಲಿಲ್ಲ.

"ಈ ಪುಟದಲ್ಲಿ ಏನು ತಪ್ಪಿದೆ?"

"ಏನೂ ಇಲ್ಲ."

"ಮತ್ತೆ? ಬೆಳಿಗ್ಗೆಯಿಂದ ತಲೆ ಚಚ್ಚಿಕೊಳ್ತಿದೀನಿ!"

"ಗೊತ್ತು. ನಾಲ್ಕು ಸಲ ನಿಮ್ಮ ಹತ್ರ ಬರೋಕೆ ಎದ್ದೆ. ನಾಲ್ಕು ಸಲಾನೂ ಕೂತೆ." ಬೆರಳುಗಳು ಮೇಜಿನ ಮೇಲೆ ಒಂದು ಪೆನ್ನನ್ನು ಉರುಳಿಸುತ್ತಿದ್ದವು. "ಇದನ್ನ ಒತ್ತಿದ್ರೆ ನೀವು ಹೋಗ್ತೀರಿ. ಹೋಗ್ಬೇಡಿ ಅನ್ನೋ ಹಕ್ಕು ನನಗಿಲ್ಲ."

"ಕೇಳೋ ಹಕ್ಕಿತ್ತಲ್ಲ, ದಡ್ಡ!"

ಅವನು ನನ್ನನ್ನೇ ನೋಡುತ್ತ ಕುರ್ಚಿ ಎಳೆದ. ನಾನು ಕೂತೆ. ಅವನು ಒಪ್ಪಿಗೆ ಒತ್ತಿದ. ಪರದೆಯ ಮೇಲೆ ಎಂದಿನ ಪೆಟ್ಟಿಗೆ ತೆರೆಯಿತು: 'ತಡವಾದ ಕಾರಣ ಬರೆಯಿರಿ.' ಬರೆಯದೆ ಅದು ಬಿಡುವುದಿಲ್ಲ.

ಅವನು ನಿಧಾನವಾಗಿ ಟೈಪ್ ಮಾಡಿದ. "ಇವಳನ್ನು ಪ್ರೀತಿಸುತ್ತೇನೆ. ಕಳಿಸಲು ಮನಸ್ಸಾಗಲಿಲ್ಲ."

"ಅಯ್ಯೋ, ಅದು ದಾಖಲೆಯಲ್ಲಿ ಉಳಿಯುತ್ತೆ! ಅಳಿಸೋಕೆ ನನಗೂ ಬರಲ್ಲ."

"ಈ ಪ್ಲಾಟ್‌ಫಾರ್ಮಲ್ಲಿ ನನಗಿಷ್ಟವಾಗಿದ್ದು ಅದೊಂದೇ," ಎಂದು ಎಂಟರ್ ಒತ್ತಿದ.

ಸೈಟ್ ತೆರೆದುಕೊಂಡಿತು. ಆಚೆ ಕೋಣೆಯಲ್ಲಿ ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಿದ್ದರು. ಆ ಪೀಡೆಯನ್ನು ಇನ್ನೂ ಎಷ್ಟು ವರ್ಷ ಸಾಕಬೇಕೋ ಎಂದುಕೊಳ್ಳುತ್ತ ಅವರ ಬಾಗಿಲ ಕಡೆ ನಡೆದೆ. ದಾರಿಯಲ್ಲೇ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಅವನೇ ಹೇಳ್ದ."